ಜೆರುಸಲೇಮ್: ಠರಾವು ಬರೆದರು, ಕಾಯುವವರು ಯಾರು?

ಕೇಳುಗರಿಗೆ ನಮಸ್ಕಾರ. ಜೆರುಸಲೇಮ್ ಯಾರದ್ದು ಎಂದು ದಯವಿಟ್ಟು ನನ್ನನ್ನು ಕೇಳಬೇಡಿ. ಕಾರ್ಯಕ್ರಮದ ಆಯೋಜಕರು ಆಗಲೇ ಎರಡು ಸಲ ಕೇಳಿ ಆಗಿದೆ. ನನ್ನ ಪ್ರಶ್ನೆ ಒಂದೇ. ಪವಿತ್ರ ನಗರಕ್ಕೆ ಠರಾವು ಬರೆಯುತ್ತೀರಿ, ಸರಿ. ಅದನ್ನು ಕಾಯುವವರು ಯಾರು?

1947ರ ನವೆಂಬರ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ಪ್ಯಾಲೆಸ್ಟೀನನ್ನು ಎರಡು ರಾಜ್ಯಗಳಾಗಿ ಹಂಚುವ ಠರಾವನ್ನು 33 ಮತಗಳಿಂದ ಅಂಗೀಕರಿಸಿತು. ವಿರೋಧಿಸಿದ 13 ದೇಶಗಳಲ್ಲಿ ಭಾರತವೂ ಒಂದು. ಜೆರುಸಲೇಮ್ ಯಹೂದಿಗಳ ರಾಜ್ಯಕ್ಕೂ ಇಲ್ಲ, ಅರಬ್ಬರ ರಾಜ್ಯಕ್ಕೂ ಇಲ್ಲ. ಬೆತ್ಲೆಹೇಮ್ ಸಮೇತ ಅದು ವಿಶ್ವಸಂಸ್ಥೆಯ ಆಡಳಿತಕ್ಕೆ ಎಂದು ಬರೆದರು. ರಾಜ್ಯಪಾಲರು, ಶಾಸನಸಭೆ, ಹೊರಗಿನವರನ್ನೇ ನೇಮಿಸಿ ಕಟ್ಟುವ ಪೊಲೀಸ್ ಪಡೆ, ಎಲ್ಲವೂ ಕಾಗದದಲ್ಲಿತ್ತು. ಆ ಪಡೆಯನ್ನು ಯಾರೂ ಕಟ್ಟಲಿಲ್ಲ. ಮುಂದಿನ ಮೇ ತಿಂಗಳಲ್ಲಿ, ಅಲ್ಲಿಯವರೆಗೆ ಪ್ಯಾಲೆಸ್ಟೀನನ್ನು ಆಳುತ್ತಿದ್ದ ಬ್ರಿಟಿಷರು ಹೊರಟಾಗ ನಗರ ಆಗಲೇ ರಣರಂಗವಾಗಿತ್ತು. ವಿಶ್ವಸಂಸ್ಥೆಯ ಪರವಾಗಿ ಸಂಧಾನಕ್ಕೆ ಬಂದ ಸ್ವೀಡನ್ನಿನ ಕೌಂಟ್ ಬರ್ನಾಡೋಟ್ ಅವರನ್ನು ಸೆಪ್ಟೆಂಬರ್‌ನಲ್ಲಿ ಅಲ್ಲಿಯೇ ಗುಂಡಿಟ್ಟು ಕೊಂದರು.

ನಗರವನ್ನು ಇಸ್ರೇಲ್, ಜೋರ್ಡಾನ್ ನಡುವೆ ಸೀಳಿದ ಗಡಿ ನಿರ್ಧಾರವಾದದ್ದು ಎಲ್ಲಿ, ಹೇಳಿ? ನ್ಯೂಯಾರ್ಕಿನಲ್ಲಿ ಅಲ್ಲ. 1948ರ ನವೆಂಬರ್ ಕೊನೆಯಲ್ಲಿ, ಜೆರುಸಲೇಮಿನದೇ ಮುಸ್ರಾರಾ ಬಡಾವಣೆಯ ಒಂದು ಪಾಳುಮನೆಯಲ್ಲಿ. ಇಸ್ರೇಲಿನ ಮೋಶೆ ದಯಾನ್, ಜೋರ್ಡಾನ್ ಕಡೆಯ ಅಬ್ದುಲ್ಲಾ ಅಲ್-ತಲ್, ಇಬ್ಬರೂ ಸೈನ್ಯಾಧಿಕಾರಿಗಳು, ನಕಾಶೆ ಹರಡಿಕೊಂಡು ಮೇಣದ ಪೆನ್ಸಿಲ್ಲುಗಳಿಂದ ತಮ್ಮ ತಮ್ಮ ಗೆರೆ ಎಳೆದರು. ನಕಾಶೆಯ ಅಳತೆ 1:20,000. ಮೊಂಡು ಪೆನ್ಸಿಲ್ಲಿನ ಗೆರೆ ಮೂರು ಮಿಲಿಮೀಟರ್ ದಪ್ಪವಾದರೆ ನೆಲದ ಮೇಲೆ ಅರವತ್ತು ಮೀಟರ್! ಗೆರೆಯ ದಪ್ಪದೊಳಗೇ ಮನೆಗಳು, ಬೀದಿಗಳು ಸಿಕ್ಕಿಕೊಂಡವು. ತಾತ್ಕಾಲಿಕ ಕದನವಿರಾಮಕ್ಕೆ ಎಳೆದ ಗೆರೆ ಹತ್ತೊಂಬತ್ತು ವರ್ಷ ಉಳಿಯಿತು.

ಆ ಎರಡು ಗೆರೆಗಳ ನಡುವಿನದ್ದು ಯಾರಿಗೂ ಸೇರದ ನೆಲ. 1956ರಲ್ಲಿ ಗಡಿಯಂಚಿನ ಫ್ರೆಂಚ್ ಆಸ್ಪತ್ರೆಯ ರೋಗಿಯೊಬ್ಬರ ಹಲ್ಲಿನ ಸೆಟ್ಟು ಕಿಟಕಿಯಿಂದ ಕೆಳಕ್ಕೆ, ಆ ನೆಲದೊಳಕ್ಕೆ ಬಿತ್ತು. ಹೋಗಿ ಎತ್ತಿಕೊಳ್ಳುವಂತಿಲ್ಲ, ಎರಡೂ ಕಡೆ ಬಂದೂಕು. ಕೊನೆಗೆ ವಿಶ್ವಸಂಸ್ಥೆಯ ಅಧಿಕಾರಿಗಳು ಮಧ್ಯೆ ಬಂದು, ಬಿಳಿ ಬಾವುಟ ಹಿಡಿದು, ಕ್ರೈಸ್ತ ಸನ್ಯಾಸಿನಿಯರು ಹುಲ್ಲಿನಲ್ಲಿ ತಡಕಾಡಿ ಹಲ್ಲು ಹುಡುಕಿದರು. ಹಲ್ಲು ಹಿಡಿದು ನಗುತ್ತಿರುವ ಸನ್ಯಾಸಿನಿಯ ಛಾಯಾಚಿತ್ರ ಲೋಕಪ್ರಸಿದ್ಧವಾಯಿತು. ನಗರವನ್ನೇ ಆಳಬೇಕಿದ್ದ ವಿಶ್ವಸಂಸ್ಥೆಗೆ ಕೊನೆಗೆ ದಕ್ಕಿದ್ದು ಒಂದು ಹಲ್ಲಿನ ಸೆಟ್ಟು! ನನಗೆ ಈ ಪ್ರಸಂಗ ಎಷ್ಟು ಸಲ ಹೇಳಿದರೂ ಸಾಲದು.

ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಓಡಿಸುತ್ತೇನೆ. 1949ರ ಡಿಸೆಂಬರ್‌ನಲ್ಲಿ ಮಹಾಸಭೆ ಅಂತರರಾಷ್ಟ್ರೀಯ ಆಡಳಿತದ ಮಾತನ್ನೇ ಮತ್ತೆ ಅಂಗೀಕರಿಸಿತು. ಇಸ್ರೇಲೂ ಒಪ್ಪಲಿಲ್ಲ, ಜೋರ್ಡಾನೂ ಒಪ್ಪಲಿಲ್ಲ. ಕಾಯುವವರು ಯಾರು? ಯಾರೂ ಇಲ್ಲ. 1967ರ ಯುದ್ಧದಲ್ಲಿ ಇಡೀ ನಗರ ಇಸ್ರೇಲಿನ ಕೈಸೇರಿತು. ಇಸ್ರೇಲಿಗೂ ಪ್ಯಾಲೆಸ್ಟೀನಿಯರಿಗೂ ಆದ 1993ರ ಓಸ್ಲೋ ಒಪ್ಪಂದ ಜೆರುಸಲೇಮಿನ ವಿಷಯವನ್ನು ಮುಂದಕ್ಕೆ ತಳ್ಳಿತು. 2000ದಲ್ಲಿ ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ ಇವರಿಬ್ಬರ ಮಾತುಕತೆ ಮುರಿದುಬಿತ್ತು. ಯಹೂದಿಗಳಿಗೂ ಮುಸ್ಲಿಮರಿಗೂ ಪವಿತ್ರವಾದ, ಹಳೆಯ ನಗರದ ದಿಬ್ಬದ ಒಡೆತನ ಅಲ್ಲಿನ ದೊಡ್ಡ ಗಂಟು. 2017ರ ಡಿಸೆಂಬರ್‌ನಲ್ಲಿ ಮಹಾಸಭೆಯಲ್ಲಿ, ಜೆರುಸಲೇಮನ್ನು ಇಸ್ರೇಲಿನ ರಾಜಧಾನಿ ಎಂದ ಅಮೆರಿಕದ ನಿಲುವಿಗೆ ವಿರುದ್ಧವಾದ ಠರಾವಿಗೆ 128 ದೇಶಗಳು ಮತ ಹಾಕಿದವು. 1947ರಲ್ಲಿ ಠರಾವನ್ನು ವಿರೋಧಿಸಿದ್ದ ಭಾರತ, ಈ ಸಲ ಪ್ರಬಲರ ಮಾತಿಗೆ ಮಣಿಯದೆ ಠರಾವಿನ ಪರ ನಿಂತಿತು. ಮರುವರ್ಷದ ಮೇ 14ರಂದು ಅಮೆರಿಕದ ರಾಯಭಾರ ಕಚೇರಿ ಜೆರುಸಲೇಮಿನಲ್ಲಿ ಬಾಗಿಲು ತೆರೆಯಿತು. ನಮಸ್ಕಾರ.