ಹದಿನಾರು ಮೂಲೆಯ ಕಣ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಹಾವೇರಿ ಕಡೆಯವಳು. ಈಗ ಅಮೆರಿಕದ ವರ್ಜೀನಿಯಾದಲ್ಲಿ ಇದ್ದೇನೆ. ನಮ್ಮ ಇಬ್ಬರು ಮಕ್ಕಳು ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಕಲಿಯುತ್ತಾರೆ. ಊರಿಗೆ ಬಂದಾಗ ಎಲ್ಲರೂ ಮೊದಲು ಕೇಳೋದು, ‘ಇದಕ್ಕೆ ಸರ್ಕಾರ ಒಪ್ಪುತ್ತಾ?’ ಅಂತ. ಒಪ್ಪುತ್ತದೆ. ಪ್ರತಿ ವರ್ಷ ಆಗಸ್ಟ್ 15ರೊಳಗೆ ನಮ್ಮ ಭಾಗದ ಶಿಕ್ಷಣಾಧಿಕಾರಿಗೆ ತಿಳಿಸಿ, ಯಾವ ಯಾವ ವಿಷಯ ಕಲಿಸುತ್ತೇವೆ ಅಂತ ಪಟ್ಟಿ ಕೊಡಬೇಕು. ವರ್ಷ ಮುಗಿದ ಮೇಲೆ ಮಗು ಕಲಿತಿದೆ ಅನ್ನೋದಕ್ಕೆ ಪುರಾವೆಯನ್ನೂ ಕೊಡಬೇಕು. ಉಳಿದದ್ದು ನಮ್ಮ ಜವಾಬ್ದಾರಿ. ಅದು ಸಣ್ಣದೇನಲ್ಲ.

ಹೀಗೆ ಮನೆಯಲ್ಲೇ ಕಲಿಯುವ ಮಕ್ಕಳಿಗೆಂದು ಇಲ್ಲಿನ ಹಳೆಯ ಬಂಗಲೆ, ಎಸ್ಟೇಟುಗಳಲ್ಲಿ ಆಗಾಗ ಒಂದು ದಿನ ಇಡುತ್ತಾರೆ. ಅಪ್ಪ, ಅಮ್ಮ, ಮಕ್ಕಳು ಎಲ್ಲ ಬುತ್ತಿ ಕಟ್ಟಿಕೊಂಡು ಹೋಗಬಹುದು. ನಾವು ಅಂಥ ಒಂದು ದಿನ ಮೌಂಟ್ ವರ್ನನ್‌ಗೆ ಹೋಗಿದ್ದೆವು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರ ಮನೆ, ಹೊಲ, ತೋಟ ಎಲ್ಲ ಇರೋದು ಅಲ್ಲೇ, ಪೊಟೋಮ್ಯಾಕ್ ನದಿಯ ದಂಡೆಯ ಮೇಲೆ. ಮನೆ ಬಿದ್ದುಹೋಗುವ ಹಾಗಿದ್ದಾಗ ಹೆಂಗಸರ ಒಂದು ಸಂಘ 1858ರಲ್ಲಿ ಅದನ್ನು ಎರಡು ಲಕ್ಷ ಡಾಲರಿಗೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಇವತ್ತಿಗೂ ಅದೇ ಸಂಘ ನಡೆಸುತ್ತಿದೆ. ಆಗ ಆ ದೇಶದ ಹೆಂಗಸರಿಗೆ ಮತದಾನದ ಹಕ್ಕೂ ಇರಲಿಲ್ಲ, ನೆನಪಿಡಿ.

ದೊಡ್ಡ ಮನೆಯನ್ನು ನೋಡಿದೆವು. ಹೊರಗೋಡೆ ಕಲ್ಲಿನದು ಅನ್ನಿಸುತ್ತದೆ, ಆದರೆ ಮರದ್ದು. ಹಲಗೆಗಳ ಅಂಚು ಕೆತ್ತಿ, ಹಸಿ ಬಣ್ಣದ ಮೇಲೆ ಮರಳು ಎರಚಿದ್ದಾರೆ. ಒಳಗೆ ನಡುಮನೆಯ ಗೋಡೆಯ ಮೇಲೆ ಪ್ಯಾರಿಸ್ಸಿನ ಬ್ಯಾಸ್ಟಿಲ್ ಸೆರೆಮನೆಯ ಬೀಗದ ಕೈ ಇದೆ. ವಾಷಿಂಗ್ಟನ್ ಅವರ ಗೆಳೆಯ, ಫ್ರೆಂಚ್ ಸೇನಾನಿ ಲಫಾಯೆಟ್ 1790ರಲ್ಲಿ ಕಳಿಸಿಕೊಟ್ಟದ್ದು. ಮಗ ಅದರ ಮುಂದೆ ಸ್ವಲ್ಪ ಹೊತ್ತು ನಿಂತ. ಮಗಳಿಗೆ ಹೊರಗೆ ಹೋಗುವ ಅವಸರ.

ಹೊರಗೆ, ನದಿಯ ಹತ್ತಿರದ ಹೊಲದಲ್ಲಿ ಒಂದು ವಿಚಿತ್ರ ಕಟ್ಟಡ ಇದೆ. ಗೋಧಿ ಒಕ್ಕುವ ಮನೆ. ಎರಡು ಅಂತಸ್ತು, ಸುತ್ತ ಗೋಡೆ. ದುಂಡಗೆ ಕಾಣುತ್ತದೆ, ಆದರೆ ದುಂಡಗಿಲ್ಲ. ಮಗಳು ಒಂದು ಮೂಲೆಯಲ್ಲಿ ತನ್ನ ನೀರಿನ ಬಾಟಲಿ ಇಟ್ಟು, ಗೋಡೆಗೆ ಕೈ ತಾಗಿಸಿಕೊಂಡು ಎಣಿಸುತ್ತ ಹೊರಟಳು. ತಿರುಗಿ ಬಾಟಲಿ ಸಿಕ್ಕಾಗ ಹದಿನಾರು.

ತಂಬಾಕು ಬೆಳೆದು ಬೆಳೆದು ಹೊಲದ ಕಸುವು ಹೋದ ಮೇಲೆ ವಾಷಿಂಗ್ಟನ್ ಗೋಧಿಗೆ ತಿರುಗಿದರು. ಬಯಲಲ್ಲಿ ಒಕ್ಕಿದರೆ ಮಳೆಗೆ ನೆನೆಯುತ್ತದೆ, ಮಣ್ಣು ಸೇರುತ್ತದೆ. ಅದಕ್ಕೇ 1792ರಲ್ಲಿ ಈ ಮನೆಯ ನಕ್ಷೆಯನ್ನು ತಾವೇ ಹಾಕಿದರು. ಕೆಳ ಅಂತಸ್ತಿಗೆ ಎಷ್ಟು ಇಟ್ಟಿಗೆ ಬೇಕು ಅಂತ ಮೊದಲೇ ಲೆಕ್ಕವನ್ನೂ ಮಾಡಿದ್ದರು: 30,820. ಈಗ ಇರೋದು ಅದೇ ಅಳತೆಯಲ್ಲಿ ಮತ್ತೆ ಕಟ್ಟಿದ್ದು.

ಮಣ್ಣಿನ ಏರಿಯ ಮೇಲಿಂದ ಕುದುರೆಗಳನ್ನು ಮೇಲಂತಸ್ತಿಗೆ ಹೊಡೆದುಕೊಂಡು ಹೋಗುತ್ತಾರೆ. ತೆನೆ ಹರಡಿದ ಹಲಗೆಯ ಮೇಲೆ ಅವು ಸುತ್ತು ಹಾಕುತ್ತವೆ. ಹಲಗೆಗಳ ನಡುವೆ ಒಂದೂವರೆ ಅಂಗುಲದ ಸಂದು ಬಿಟ್ಟಿದ್ದಾರೆ. ಕಾಳು ಸಂದಿನಿಂದ ಕೆಳಗೆ ಸುರಿಯುತ್ತದೆ, ಹುಲ್ಲು ಮೇಲೇ ಉಳಿಯುತ್ತದೆ. ಮಗಳು ಮಂಡಿಯೂರಿ ಸಂದಿನಲ್ಲಿ ಬೆರಳು ಇಟ್ಟಳು. ಎರಡು ಕಾಳು ಬೆರಳಿಗೆ ತಾಗಿ ಜಾರಿದವು. ‘ದುಂಡಗೇ ಯಾಕೆ ಕಟ್ಟಲಿಲ್ಲ?’ ಅಂದಳು. ನಾನು ಉತ್ತರ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ಹೇಳಿದಳು: ನೇರವಾದ ಮರವನ್ನು ಬಗ್ಗಿಸೋದು ಕಷ್ಟ, ಚೌಕ ಕಟ್ಟಿದರೆ ಓಡುವ ಕುದುರೆ ಮೂಲೆಯಲ್ಲಿ ತಿರುಗೋದು ಕಷ್ಟ. ಅಲ್ಲಿ ಗಂಟೆ ಹೊಡೆಯುವವರು ಯಾರೂ ಇರಲಿಲ್ಲ. ನಾವು ಒಂದು ತಾಸಿಗಿಂತ ಜಾಸ್ತಿ ಅಲ್ಲೇ ಇದ್ದೆವು.

ನನಗಂತೂ ಕಣ್ಣ ಮುಂದೆ ನಮ್ಮ ಕಣ ಬಂತು. ಸಗಣಿ ಸಾರಿಸಿದ ನೆಲ, ನಡುವೆ ಮೇಟಿ, ಸುತ್ತ ಎತ್ತು. ನಮ್ಮ ಕಡೆ ಹಂತಿ ಹೊಡೆಯೋದು ಅಂತೀವಿ. ರಾತ್ರಿಯೆಲ್ಲ ಹಂತಿ ಪದ ಹಾಡುತ್ತಿದ್ದರು. ಅಜ್ಜ ಮೊರದಲ್ಲಿ ಕಾಳು ಎತ್ತಿ ಹಿಡಿದು ಗಾಳಿಗೆ ತೂರುತ್ತಿದ್ದದ್ದು ಇನ್ನೂ ನೆನಪಿದೆ. ಮಕ್ಕಳಿಗೆ ಅದನ್ನು ಹೇಳುತ್ತ ಖುಷಿಯಲ್ಲಿದ್ದೆ.

ಅಷ್ಟರಲ್ಲಿ ಮಗಳು ಅಲ್ಲಿ ಎಲ್ಲವನ್ನೂ ತೋರಿಸಿ ವಿವರಿಸುತ್ತಿದ್ದ ಹೆಂಗಸನ್ನು ಕೇಳಿದಳು, ‘ಕುದುರೆ ಹೊಡೆಯುತ್ತಿದ್ದವರು ಯಾರು?’

ಆಕೆ ಕುಕ್ಕರಗಾಲಲ್ಲಿ ಕೂತು, ಮಗುವಿನ ಕಣ್ಣು ನೋಡಿಕೊಂಡೇ ಹೇಳಿದರು. ಗುಲಾಮರು. ಆಗಿನ ಆ ಮೊದಲ ಮನೆ ಕಟ್ಟಿದವರೂ ಅವರೇ. 1799ರಲ್ಲಿ ಈ ಎಸ್ಟೇಟಿನಲ್ಲಿ 317 ಜನ ಗುಲಾಮರಿದ್ದರು. ಅವರಲ್ಲಿ 123 ಜನ ವಾಷಿಂಗ್ಟನ್ ಅವರ ಸ್ವಂತದವರು. ತಮ್ಮವರನ್ನು ಬಿಡುಗಡೆ ಮಾಡಬೇಕು ಅಂತ ಅವರು ಉಯಿಲು ಬರೆದರು. ಉಳಿದವರಲ್ಲಿ ಹೆಚ್ಚಿನವರು ಹೆಂಡತಿಯ ಮೊದಲ ಗಂಡನ ಆಸ್ತಿಗೆ ಸೇರಿದವರು. ಅವರಿಗೆ ಬಿಡುಗಡೆ ಸಿಗಲಿಲ್ಲ. ಒಂದೇ ಮನೆಯಲ್ಲಿ ಗಂಡ ಬಿಡುಗಡೆಯಾದ, ಹೆಂಡತಿ ಮಕ್ಕಳು ಉಳಿದರು, ಹೀಗೂ ಆಯಿತು.

ಆಮೇಲೆ ಆ ಗುಲಾಮರ ಸಮಾಧಿಗಳಿರುವ ಜಾಗಕ್ಕೆ ನಡೆದು ಹೋದೆವು. ಮರಗಳ ನೆರಳು, ಎದುರಿಗೆ ನದಿ. 1929ರಲ್ಲಿ ಇಟ್ಟ ಒಂದು ಕಲ್ಲಿದೆ, 1983ರಲ್ಲಿ ಕಟ್ಟಿದ ಒಂದು ಸ್ಮಾರಕವಿದೆ. ಯಾವ ಗೋರಿಯ ಮೇಲೂ ಹೆಸರು ಇಲ್ಲ. ಆದರೆ ವಾಷಿಂಗ್ಟನ್ ಸಾಯುವ ವರ್ಷ ಕೈಯಾರೆ ಬರೆದ ಗುಲಾಮರ ಪಟ್ಟಿ ಉಳಿದಿದೆ. ಯಾವ ಹೊಲದಲ್ಲಿ ಯಾರು, ಎಲ್ಲ ಇದೆ. ‘ಪಟ್ಟಿಯಲ್ಲಿ ಹೆಸರಿದೆ, ಇಲ್ಲಿ ಯಾಕಿಲ್ಲ?’ ಅಂದಳು ಮಗಳು. ಅವತ್ತು ನಾನು ಸುಮ್ನೆ ಅವಳ ಕೈ ಹಿಡಿದುಕೊಂಡೆ.

ಮನೆಗೆ ಬಂದು ರಾತ್ರಿ ಊರಿಗೆ ಫೋನ್ ಮಾಡಿದೆವು. ಅಲ್ಲಿ ಬೆಳಗಿನ ಹೊತ್ತು. ನನ್ನ ಅವ್ವ ಹಂತಿಯ ಸುದ್ದಿ ಕೇಳಿ ಖುಷಿಪಟ್ಟು ಎರಡು ಸಾಲು ಹಾಡಿಯೂ ತೋರಿಸಿದರು. ಮಗಳು ಕೇಳಿದಳು, ‘ಅಜ್ಜಿ, ನಿಮ್ಮ ಕಣದಲ್ಲಿ ಎತ್ತು ಹೊಡೀತಿದ್ದವರಿಗೆ ದುಡ್ಡು ಕೊಡ್ತಿದ್ರಾ?’

ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು, ‘ಆಯಗಾರರಿಗೆ ರಾಶಿಯಾಗಿಂದ ಕಾಳು ಅಳದು ಕೊಡ್ತಿದ್ವಿ. ಕೂಲ್ಯಾರಿಗೂ ಕೊಡ್ತಿದ್ವಿ. ಆದ್ರ ಒಬ್ಬಾವ ಜೀತಕ್ಕ ಇದ್ದ. ಅವರಪ್ಪ ಮಾಡಿದ ಸಾಲಕ್ಕ ಸಣ್ಣಾವ ಇದ್ದಾಗಿಂದ ನಮ್ಮ ಮನ್ಯಾಗ ದುಡದ. ಹಂತಿ ಪದ ಅವನಂಗ ಯಾರೂ ಹಾಡ್ತಿದ್ದಿಲ್ಲ.’

ಜೀತವನ್ನು ರದ್ದು ಮಾಡಿದ ಕಾಯ್ದೆ ಬಂದದ್ದು 1976ರಲ್ಲಿ. ಅಷ್ಟು ವರ್ಷ ಆ ಮನೆಯಲ್ಲೇ ಬೆಳೆದ ನಾನು ಒಂದು ಸಲವೂ ಇದನ್ನು ಕೇಳಿರಲಿಲ್ಲ.

‘ಅವರ ಹೆಸರೇನು ಅಜ್ಜಿ?’ ಅಂದಳು ಮಗಳು.

ಅವ್ವ ಹೆಸರು ಹೇಳಿದರು. ಮಗಳು ನೋಟ್‌ಬುಕ್ ತೆಗೆದು, ಹದಿನಾರು ಮೂಲೆಯ ಚಿತ್ರದ ಕೆಳಗೆ ಕನ್ನಡದಲ್ಲಿ ಬರೆದುಕೊಂಡಳು. ಒತ್ತಕ್ಷರ ಸರಿ ಬರಲಿಲ್ಲ. ಅಳಿಸಿ ಮತ್ತೆ ಬರೆದಳು.

ನಮಸ್ಕಾರ.