ಬೆಳ್ಳಂದೂರಿನಿಂದ ಜಕ್ಕೂರು ಕೆರೆಗೆ: ನಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ?

ಇದೇ ನೋಡಿ ಬೆಂಗಳೂರಿನ ಜಕ್ಕೂರು ಕೆರೆ. ಸುಮಾರು 160 ಎಕರೆ. ನಡುಗಡ್ಡೆಯ ಮರಗಳ ಮೇಲೆ ಬೆಳ್ಳಗೆ ಕಾಣುತ್ತಿವೆಯಲ್ಲ, ಅವು ಹೆಜ್ಜಾರ್ಲೆ. ಪಕ್ಕದಲ್ಲಿ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿರುವುದು ನೀರುಕಾಗೆ. ಜೂಮ್ ಮಾಡುತ್ತೇನೆ, ತಾಳಿ.

ಈ ನೀರಿನಲ್ಲಿ ದೊಡ್ಡ ಪಾಲು ಮನೆಗಳ ಕೊಳಚೆ ನೀರೇ ಅಂದರೆ ನಂಬುತ್ತೀರಾ? ಆದರೆ ಅದು ನೇರವಾಗಿ ಬರುವುದಿಲ್ಲ. ಆ ತುದಿಯಲ್ಲಿ ಜಲಮಂಡಳಿಯ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ ಇದೆ. ಶುರುವಿನಲ್ಲಿ ಕಟ್ಟಿದ್ದು ದಿನಕ್ಕೆ 1 ಕೋಟಿ ಲೀಟರ್ ಶುದ್ಧ ಮಾಡುವಷ್ಟು. ಅಲ್ಲಿಂದ ಹೊರಬಂದ ನೀರು ಈ ಜೊಂಡಿನ ಜೌಗಿನಲ್ಲಿ ನಿಧಾನಕ್ಕೆ ಹಾದು ಆಮೇಲೆ ಕೆರೆ ಸೇರುತ್ತದೆ. ಎಸ್‌ಟಿಪಿಯಲ್ಲಿ ಹೋಗದೆ ಉಳಿದ ಸಾರಜನಕ, ರಂಜಕವನ್ನು ಜೊಂಡು ಹೀರಿಕೊಳ್ಳುತ್ತದೆ. ಹಾಗಂತ ಬೆಳೆಯಲು ಬಿಟ್ಟು ಸುಮ್ನೆ ಇರುವಂತಿಲ್ಲ. ಆಗಾಗ ಕೊಯ್ದು ಹೊರಗೆ ಹಾಕಬೇಕು. ಇಲ್ಲದಿದ್ದರೆ ಅಲ್ಲೇ ಕೊಳೆತು, ಹೀರಿದ್ದನ್ನೆಲ್ಲ ನೀರಿಗೇ ವಾಪಸ್ ಬಿಡುತ್ತದೆ.

ನಾನಿರುವುದು ಬೆಳ್ಳಂದೂರು ಕಡೆ. ಅಲ್ಲಿನ ಕೆರೆ ಸುಮಾರು 900 ಎಕರೆ. 2015ರಲ್ಲಿ ನೊರೆ ರಸ್ತೆಗೇ ಹಾರಿ ಬಂದಿತ್ತು. 2018ರ ಜನವರಿಯಲ್ಲಿ ಬೆಂಕಿ ಹತ್ತಿದಾಗ ಆರಿಸಲು ಸೈನಿಕರು ಬರಬೇಕಾಯಿತು. ಆ ನೊರೆ ಸೋಪಿನ ಪುಡಿಯಿಂದ ಬಂದದ್ದು. ನಮ್ಮ ಮನೆಗಳದ್ದೇ.

ಈಗ ನನಗೆ ಸಿಟ್ಟು ಬಂದಿರುವ ವಿಷಯಕ್ಕೆ ಬರುತ್ತೇನೆ. ನಮ್ಮ ಅಪಾರ್ಟ್‌ಮೆಂಟ್‌ಗೂ ಸ್ವಂತ ಎಸ್‌ಟಿಪಿ ಇದೆ. ರಾತ್ರಿ ಹತ್ತಾದರೆ ಅದರ ಬ್ಲೋವರ್, ಅಂದರೆ ಟ್ಯಾಂಕಿಗೆ ಗಾಳಿ ಊದುವ ಯಂತ್ರ, ಆಫ್ ಮಾಡುತ್ತಾರೆ. ಕರೆಂಟ್ ಬಿಲ್ ಜಾಸ್ತಿಯಂತೆ. ಲೆಕ್ಕ ಹಾಕಿದರೆ ಒಂದು ಮನೆಗೆ ತಿಂಗಳಿಗೆ ಉಳಿಯುವುದು 200 ರೂಪಾಯಿ. ಬರೀ ಇನ್ನೂರು! ಟ್ಯಾಂಕಿನೊಳಗೆ ಕೊಳೆ ತಿನ್ನುವ ಬ್ಯಾಕ್ಟೀರಿಯಾ ಇರುತ್ತವೆ, ಅವಕ್ಕೆ ಗಾಳಿ ಬೇಕು. ರಾತ್ರಿಯಿಡೀ ಗಾಳಿ ನಿಂತರೆ ಅವು ಸೊರಗುತ್ತವೆ, ನೀರು ಕಪ್ಪಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಬೆಳಗ್ಗೆ ಎಲ್ಲರೂ ಸ್ನಾನಕ್ಕಿಳಿದ ಹೊತ್ತಿಗೆ ಆ ಕಪ್ಪು ನೀರೇ ರಾಜಕಾಲುವೆಗೆ. ಮೀಟಿಂಗ್‌ನಲ್ಲಿ ಕೇಳಿದೆ. ಒಬ್ಬ ಅಂಕಲ್, "ನಾವೊಬ್ಬರು ಸರಿಹೋದರೆ ಕೆರೆ ಚೊಕ್ಕ ಆಗುತ್ತೇನಮ್ಮಾ? ಪಕ್ಕದವರನ್ನ ಕೇಳು" ಅಂದರು. ಪಕ್ಕದವರೂ ಇದೇ ಮಾತು ಹೇಳುತ್ತಾರೆ, ಅಲ್ವಾ? ಅದೇ ಮೀಟಿಂಗ್‌ನಲ್ಲಿ ಗೇಟಿಗೆ ಹೊಸ ಲೈಟು ಹಾಕಿಸಲು ಎಲ್ಲರೂ ಕೈ ಎತ್ತಿದರು. ಅದಕ್ಕೆ ದುಡ್ಡಿದೆ!

ಈ ಅಪಾರ್ಟ್‌ಮೆಂಟ್ ಎಸ್‌ಟಿಪಿಗಳೇ ಬೇಡ, ಎಲ್ಲವೂ ಒಳಚರಂಡಿ ಹಿಡಿದು ದೊಡ್ಡ ಘಟಕಕ್ಕೇ ಹೋಗಲಿ ಅನಿಸುತ್ತದೆ. ಅಲ್ಲ, ಲೈನೇ ಇಲ್ಲದ ಬಡಾವಣೆಗಳು ಏನು ಮಾಡಬೇಕು? ಎಸ್‌ಟಿಪಿ ಇರಲಿ, ಆದರೆ ಯಾರಾದರೂ ರಾತ್ರಿ ಹೊತ್ತು ಬಂದು ನೋಡಲಿ. ಹಿಂದೆ ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಕಾಲುವೆ ಕಾಯುವುದು ಅವನ ಕೆಲಸ. ನಮಗೂ ಅಂಥವರೊಬ್ಬರು ಬೇಕು.

ಅಗೋ, ತೆಪ್ಪ ಬಂತು, ಬಲೆ ಎಳೆಯುತ್ತಿದ್ದಾರೆ ನೋಡಿ! ಏನು ಹೇಳುತ್ತಿದ್ದೆ... ಹಾಂ, ಬೆಳ್ಳಂದೂರಿನ ನೀರು ಅಲ್ಲಿಗೇ ನಿಲ್ಲುವುದಿಲ್ಲ. ವರ್ತೂರು ಕೆರೆ, ಅಲ್ಲಿಂದ ದಕ್ಷಿಣ ಪಿನಾಕಿನಿ, ಆಮೇಲೆ ಹೊಸೂರು ಹತ್ತಿರದ ಕೆಲವರಪಳ್ಳಿ ಅಣೆಕಟ್ಟು. ಅಲ್ಲೂ ನೊರೆ ಏಳುತ್ತದೆ. ಇನ್ನೊಂದು ಕಡೆ, 2018ರಿಂದ ಕೆ.ಸಿ. ವ್ಯಾಲಿಯ, ಅಂದರೆ ಕೋರಮಂಗಲ-ಚಲ್ಲಘಟ್ಟ ಕಣಿವೆಯ, ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಉಳಿದ ಕೊಳೆಯನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣವೂ ಆಗಬೇಕು ಅಂತ ಅಲ್ಲಿನ ರೈತರು ಕೇಳುತ್ತಲೇ ಇದ್ದಾರೆ. ನ್ಯಾಯವಾಗಿಯೇ ಕೇಳುತ್ತಿದ್ದಾರೆ.

ಅಯ್ಯೋ, ಬ್ಯಾಟರಿ ಕೆಂಪು ತೋರಿಸುತ್ತಿದೆ. ಇಲ್ಲಿ ಕೋಡಿ ಬಿದ್ದ ನೀರು ರಾಚೇನಹಳ್ಳಿ ಕೆರೆಗೆ ಹೋಗುತ್ತದೆ, ಮುಂದಿನ ವಿಡಿಯೋದಲ್ಲಿ ಅಲ್ಲಿಗೆ ಹೋಗೋಣ. ಅಷ್ಟರೊಳಗೆ ಒಂದು ರಾತ್ರಿ ಹನ್ನೊಂದಕ್ಕೆ ಬೇಸ್‌ಮೆಂಟ್‌ಗೆ ಇಳಿದು, ನಿಮ್ಮ ಬಿಲ್ಡಿಂಗಿನ ಬ್ಲೋವರ್ ಸದ್ದು ಮಾಡುತ್ತಿದೆಯಾ ನೋಡಿ. ಕಾಮೆಂಟ್‌ನಲ್ಲಿ ಬರೆಯಿರಿ, ಒಂದೊಂದನ್ನೂ ಓದುತ್ತೇನೆ.