ಪಿಕಪ್ ಎತ್ತಿಸೋ ಮುಂಚೆ ಒಂದ್ಸಲ ತೂಕ ಹಾಕ್ಸಿ

[ದೃಶ್ಯ: ಚಿಕ್ಕಮಗಳೂರು. ಕಾಫಿ ಕ್ಯೂರಿಂಗ್ ವರ್ಕ್ಸ್ ಹತ್ತಿರದ ವೇಬ್ರಿಡ್ಜ್. ಪಿಕಪ್‌ನ ಮುಂದಿನ ಎರಡು ಚಕ್ರ ಮಾತ್ರ ಪ್ಲಾಟ್‌ಫಾರ್ಮ್ ಮೇಲೆ.]

ಗಾಡಿ ಮೈ ಎತ್ತರ ಮಾಡೋ ಲಿಫ್ಟು, ಶಾಕ್ಸು ಅಂತ ಹೇಳಿ ವೇಬ್ರಿಡ್ಜಿಗೆ ಯಾಕಪ್ಪಾ ಕರ್ಕೊಂಡು ಬಂದ ಅಂತ ಕೇಳ್ತೀರಿ. ಹೊಸ ಪಿಕಪ್ ತಗೊಂಡೋರೆಲ್ಲ ನನ್ನ ಹತ್ರ ಕೇಳೋದು ಒಂದೇ ಮಾತು, "ಎಷ್ಟು ಇಂಚು ಎತ್ತಿಸ್ಬಹುದು?" ಮಾರಾಯ್ರೇ, ಇಂಚು ಆಮೇಲೆ. ಮೊದಲು ಕೆಜಿ ಹೇಳಿ.

ಮುಂದಿನ ಚಕ್ರ ಮಾತ್ರ ನಿಲ್ಸಿ ಒಂದು ಚೀಟಿ ತಗೊಳ್ಳಿ. ಪೂರ್ತಿ ಗಾಡಿ ನಿಲ್ಸಿ ಇನ್ನೊಂದು. ಎರಡನೇದರಲ್ಲಿ ಮೊದಲನೇದು ಕಳೆದ್ರೆ ಹಿಂದಿನ ಆಕ್ಸಲ್ ಮೇಲೆ ಎಷ್ಟು ಭಾರ ಕೂತಿದೆ ಅಂತ ಸಿಕ್ತು. ಖಾಲಿ ಇದ್ದಾಗ ಒಂದ್ಸಲ, ಲೋಡ್ ತುಂಬಿದಾಗ ಒಂದ್ಸಲ. ಈ ನಾಲ್ಕು ಚೀಟಿ ಕೈಯಲ್ಲಿ ಇಲ್ದೆ ಲಿಫ್ಟ್ ಅಂಗಡಿ ಮೆಟ್ಟಿಲು ಹತ್ತಬೇಡಿ.

ನಮ್ಮ ಕಾಫಿ ತೋಟದ ಲೆಕ್ಕಾನೇ ನೋಡಿ. ನವೆಂಬರ್‌ನಿಂದ ಜನವರಿವರೆಗೆ ಕೊಯ್ಲು. ಒಣಗಿದ ಕಾಫಿ ಹಣ್ಣು, ಚೆರಿ, ಮೂಟೆಗೆ 50 ಕೆಜಿ, ಹನ್ನೆರಡು ಮೂಟೆ ಹೇರಿದ್ರೆ 600 ಕೆಜಿ. ಮಳೆಗೆ ಮುಂಚೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯೋವಾಗ 200 ಲೀಟರ್ ಡ್ರಮ್ಮು, ಪಂಪು, ಪೈಪು, ಜೊತೆಗೆ ನಾಲ್ಕು ಜನ. ಉಳಿದ ದಿನ? ಮುಂದೆ ನಾನು, ಹಿಂದೆ ನಾಯಿ. ಒಂದೇ ಗಾಡಿ ಈ ಎರಡೂ ಕೆಲ್ಸ ಮಾಡ್ಬೇಕು, ನಮ್ಮ ತಲೆನೋವು ಅದೇ.

[ದೃಶ್ಯ: ತೋಟದ ಶೆಡ್. ಜ್ಯಾಕ್ ಮೇಲೆ ಗಾಡಿ. ಕೈಯಲ್ಲಿ ಹಳೇ ಶಾಕ್ಸ್.]

ಇದು ಶಾಕ್ ಅಬ್ಸಾರ್ಬರ್. ಇದು ಭಾರ ಹೊರಲ್ಲ. ಭಾರ ಹೊರೋದು ಸ್ಪ್ರಿಂಗು. ಗುಂಡಿಗೆ ಬಿದ್ದ ಸ್ಪ್ರಿಂಗ್ ಕುಣೀತಾ ಇರುತ್ತಲ್ಲ, ಆ ಕುಣಿತ ನಿಲ್ಸೋದು ಇದರ ಕೆಲ್ಸ. ಒಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗುತ್ತೆ, ಕುಣಿತ ಬಿಸಿಯಾಗಿ ಮುಗಿಯುತ್ತೆ. ಹಾಗಾಗಿ "ಲೋಡ್ ಹಾಕಿದ್ರೆ ಹಿಂಭಾಗ ಕೂರುತ್ತೆ, ಶಾಕ್ಸ್ ಬದಲಾಯಿಸ್ಬೇಕು" ಅನ್ನೋದು ಹಲ್ಲುನೋವಿಗೆ ಕನ್ನಡಕ ಕೊಂಡ ಹಾಗೆ. ಹಿಂದಿನ ಲೀಫ್ ಸ್ಪ್ರಿಂಗು, ಅಂದ್ರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಬ್ಲೇಡ್ ಸೆಟ್, ಸೋತಿದೆ. ಅದನ್ನ ನೋಡಿ.

ಇಸುಜು ವಿ-ಕ್ರಾಸ್ ಆಗ್ಲಿ, ಟೊಯೋಟಾ ಹೈಲಕ್ಸ್ ಆಗ್ಲಿ, ಮುಂದೆ ಚಕ್ರ ಹಿಡಿಯೋ ಮೇಲೆ-ಕೆಳಗಿನ ಎರಡು ಆರ್ಮ್ (ವಿಶ್‌ಬೋನ್) ನಡುವೆ ಕಾಯಿಲ್ ಸ್ಪ್ರಿಂಗು, ಹಿಂದೆ ಲೀಫ್ ಸ್ಪ್ರಿಂಗು. ಮುಂದಿನ ಕಥೆ ಬೇರೆ, ಹಿಂದಿನ ಕಥೆ ಬೇರೆ. ಮುಂದಿನದು ನಾನೇ ದುಡ್ಡು ಕೊಟ್ಟು ಕಲಿತದ್ದು, ಅದನ್ನ ಮೊದಲು ಹೇಳ್ತೀನಿ.

ಒಂದು ಅಂಗಡಿಯಲ್ಲಿ, ಹೆಸರು ಬೇಡ, "ಸಾರ್, ಒಂದೂವರೆ ಇಂಚು ಬಿಲ್ಲೆ ಅಷ್ಟೇ" ಅಂತ ಸ್ಟ್ರಟ್ (ಸ್ಪ್ರಿಂಗು, ಶಾಕ್ಸು ಸೇರಿದ ಜೋಡಿ) ಮೇಲೆ ಸ್ಪೇಸರ್ ಇಟ್ಟು ಕಳಿಸಿದ್ರು. ಮನೆಗೆ ಬಂದು ಟೇಪ್ ಹಿಡಿದ್ರೆ ಗಾಡಿ ಮೂರು ಇಂಚಿಗೆ ಹತ್ತಿರ ಎದ್ದಿತ್ತು! ಇದು ಸನ್ನೆಗೋಲಿನ ಲೆಕ್ಕ. ಸ್ಟ್ರಟ್ ಕೂರೋದು ಚಕ್ರದ ಹತ್ರ ಅಲ್ಲ, ಕೆಳಗಿನ ಆರ್ಮ್‌ನ ನಡುವೆ ಎಲ್ಲೋ. ಅಲ್ಲಿ ಒಂದಿಂಚು ಸೇರಿಸಿದ್ರೆ ಚಕ್ರದ ಹತ್ರ ಹೆಚ್ಚೂಕಮ್ಮಿ ಎರಡಿಂಚು. ಎತ್ತರ ನೋಡಿ ನಂಗೆ ಖುಷಿಯೇ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಚಾರ್ಮಾಡಿ ಘಾಟಿ ನಾಲ್ಕು ಸಲ ಹತ್ತಿಳಿದ ಮೇಲೆ ಸ್ಟೀರಿಂಗ್ ತಿರುಗಿಸಿದ್ರೆ ಕಟ ಕಟ ಸದ್ದು. ಬಗ್ಗಿ ನೋಡಿದ್ರೆ ಮುಂದಿನ ಚಕ್ರ ತಿರುಗಿಸೋ ಶಾಫ್ಟಿನ ಕೀಲು, ಸಿವಿ ಜಾಯಿಂಟು, ಅದರ ರಬ್ಬರ್ ಬೂಟ್ ಹರಿದು ಗ್ರೀಸೆಲ್ಲ ರಿಮ್ ಒಳಗೆ ಸಿಡಿದಿದೆ. ಶಾಫ್ಟು ಓಡಾಡೋ ಕೋನ ಮೀರಿತ್ತು, ಬೂಟಿನ ಮಡಿಕೆ ಮಡಿಕೆಗೆ ಉಜ್ಜಿ ಹರಿಯಿತು, ಒಳಗೆ ಕೆಸರು ಹೊಕ್ಕಿತು. ಬೆಂಗಳೂರಲ್ಲಾಗಿದ್ರೆ ಇನ್ನೊಂದು ವರ್ಷ ಬರ್ತಿತ್ತೇನೋ. ನಮ್ಮ ಕೆಸರು ಬಿಡ್ಲಿಲ್ಲ.

ಮುಂದೆ ಎರಡು ಇಂಚು ಸಾಕು. ಅದೂ ಸ್ಪೇಸರ್ ಬೇಡ, ಆ ಎತ್ತರಕ್ಕೇ ಮಾಡಿದ ಸ್ಪ್ರಿಂಗ್ ಮತ್ತು ಉದ್ದ ಸರಿಯಿರೋ ಶಾಕ್ಸ್ ಒಟ್ಟಿಗೆ ಹಾಕ್ಸಿ. ಸ್ಪ್ರಿಂಗನ್ನ ಬಿಗಿ ಮಾಡಿ ಎತ್ತಿದ್ರೆ ಚಕ್ರ ಕೆಳಗಿಳಿಯೋಕೆ ಜಾಗ ಉಳಿಯಲ್ಲ, ಹಂಪ್ ಇಳಿಯೋವಾಗ 'ಟಪ್' ಅಂತ ಹೊಡೆಯುತ್ತೆ. ಎರಡಿಂಚು ದಾಟಲೇಬೇಕು ಅನ್ನೋರು ಮೇಲಿನ ಕಂಟ್ರೋಲ್ ಆರ್ಮಿಗೂ ದುಡ್ಡು ಎತ್ತಿಡಿ, ಇಲ್ಲಾಂದ್ರೆ ಅಲೈನ್‌ಮೆಂಟ್ ಕೂರಲ್ಲ. ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಈಮು, ಐರನ್‌ಮ್ಯಾನ್ ಥರದ ಕಂಪನಿಗಳು ಒಂದೇ ಗಾಡಿಗೆ ಬೇರೆ ಬೇರೆ ಭಾರದ ಸ್ಪ್ರಿಂಗ್ ಮಾಡ್ತಾರೆ. ಕಬ್ಬಿಣದ ಬಂಪರ್, ವಿಂಚ್ ಇದ್ರೆ ಒಂದು, ಇಲ್ದಿದ್ರೆ ಇನ್ನೊಂದು. ವೇಬ್ರಿಡ್ಜ್ ಚೀಟಿ ಅಲ್ಲಿ ಕೆಲ್ಸಕ್ಕೆ ಬರುತ್ತೆ.

[ದೃಶ್ಯ: ಹಿಂದಿನ ಲೀಫ್ ಸ್ಪ್ರಿಂಗ್ ಹತ್ತಿರದಿಂದ. ಬೆರಳಲ್ಲಿ ಒಂದೊಂದೇ ಪ್ಲೇಟ್ ತೋರಿಸುವುದು.]

ಹಿಂದೆ. ನಾಲ್ಕು ದಾರಿ ಇದೆ. ಬ್ಲೇಡಿನ ತುದಿಯನ್ನ ಚಾಸಿಗೆ ಹಿಡಿಯೋ ಪಟ್ಟಿ, ಶ್ಯಾಕಲ್, ಅದನ್ನ ಉದ್ದದ್ದು ಹಾಕ್ಬಹುದು, ಆದ್ರೆ ಎರಡಿಂಚು ಉದ್ದ ಮಾಡಿದ್ರೆ ಸಿಗೋದು ಒಂದೇ ಇಂಚು. ಆಕ್ಸಲ್‌ಗೂ ಬ್ಲೇಡಿಗೂ ನಡುವೆ ಬ್ಲಾಕ್ ಇಡಬಹುದು. ಅಗ್ಗ. ಒಂದರ ಮೇಲೊಂದು ಬ್ಲಾಕ್ ಪೇರಿಸಿದ ಗಾಡಿ ಕಂಡ್ರೆ ಮಾತ್ರ ಅದರ ಹಿಂದೆ ಘಾಟಿ ಇಳೀಬೇಡಿ. ಮೂರನೇದು, ಹಳೇ ಸೆಟ್ಟಿಗೆ ಒಂದು ಪ್ಲೇಟ್ ಸೇರಿಸೋದು. ನಮ್ಮ ಲೀಫ್ ಸ್ಪ್ರಿಂಗ್ ಅಂಗಡಿಯೋರು ಕಣ್ಣು ಮುಚ್ಚಿ ಮಾಡಿಕೊಡ್ತಾರೆ. ಲೋಡಿಗೆ ಚೆನ್ನಾಗಿ ನಿಲ್ಲುತ್ತೆ. ಆದ್ರೆ ನಾಯಿ ಒಂದೇ ಇರೋ ದಿನ ನೋಡಿ, ಗಟ್ಟಿ ಬ್ಲೇಡು ಖಾಲಿ ಗಾಡೀನ ಕುಪ್ಪಳಿಸುತ್ತೆ. ಜುಲೈ ಮಳೆಯಲ್ಲಿ ತಿರುವಿನ ಮಧ್ಯೆ ಹಿಂದಿನ ಚಕ್ರ ನೆಲ ಬಿಟ್ರೆ ಬಾಲ ಎಲ್ಲಿ ಹೋಗುತ್ತೋ ಹೇಳಕ್ಕಾಗಲ್ಲ.

ನಾನು ಆರಿಸಿದ್ದು ನಾಲ್ಕನೇದು, ಎರಡು ಹಂತದ ಹೊಸ ಸೆಟ್. ಮೇಲಿನ ಪ್ಲೇಟುಗಳು ಮೆತ್ತಗೆ, ಖಾಲಿ ಓಡಾಟ ಅವುಗಳದ್ದು. ಕೆಳಗೆ ನೇರವಾದ ಒಂದು ದಪ್ಪ ಪ್ಲೇಟ್ ಸುಮ್ನೆ ಕೂತಿರುತ್ತೆ, ಮೂಟೆ ಹೇರಿ ಗಾಡಿ ಕೂತಾಗ ಮಾತ್ರ ಮೇಲಿನವು ಅದಕ್ಕೆ ತಾಗಿ ಭಾರ ಹಂಚಿಕೊಳ್ತವೆ. ವರ್ಷಕ್ಕೆ ಮೂರೇ ತಿಂಗಳು ಲೋಡ್ ಇರೋ ತೋಟದ ಗಾಡಿಗೆ ಇದಕ್ಕಿಂತ ಒಳ್ಳೇದು ನಂಗೆ ಕಂಡಿಲ್ಲ. ದಿನಾ ಲೋಡ್ ಹೊಡೆಯೋರು ಗಟ್ಟಿ ಸೆಟ್ಟೇ ಹಾಕ್ಸಿ. ಯಾವುದೇ ಹಾಕ್ಸಿದ್ರೂ ಬ್ಲೇಡನ್ನ ಆಕ್ಸಲ್ಲಿಗೆ ಬಿಗಿಯೋ ಯು ಬೋಲ್ಟ್ ಹೊಸದೇ ಆಗ್ಬೇಕು. ಒಂದ್ಸಲ ಎಳೆದು ಬಿಗಿದದ್ದನ್ನ ಬಿಚ್ಚಿ ಮತ್ತೆ ಹಾಕಿದ್ರೆ ಅದೇ ಬಿಗಿ ಬರಲ್ಲ.

ಎತ್ತರದ ಬಗ್ಗೆ ಯಾರೂ ಬಿಡಿಸಿ ಹೇಳದ ಒಂದು ವಿಷ್ಯ. ತೋಟದ ಕೆಲಸಗಾರರ ಲೈನ್ ಮನೆ ಕಡೆ ಹೋಗೋ ರಸ್ತೆ ಗೊತ್ತಲ್ಲ, ಎರಡು ಕಡೆ ಚಕ್ರದ ಕೊರಕಲು, ನಡುವೆ ದಿಬ್ಬ. ಅಲ್ಲಿ ಮೊದಲು ಉಜ್ಜೋದು ಹಿಂದಿನ ಆಕ್ಸಲ್ ನಡುವಿನ ಗುಂಡು, ಡಿಫರೆನ್ಷಿಯಲ್. ಲಿಫ್ಟ್ ಮಾಡಿಸಿದ್ರೆ ಅದು ಒಂದು ನೂಲೂ ಮೇಲೇಳಲ್ಲ! ಆಕ್ಸಲ್ ಕೂತಿರೋದು ಚಕ್ರದ ಮೇಲೆ, ಸ್ಪ್ರಿಂಗ್ ಮೇಲಲ್ಲ. ಅದನ್ನ ಎತ್ತೋದು ಟೈರ್ ಮಾತ್ರ, ಅದೂ ವ್ಯಾಸ ಹೆಚ್ಚಿದ್ದರ ಅರ್ಧದಷ್ಟು. 255/60 ಆರ್18 ತೆಗೆದು 255/65 ಆರ್18 ಹಾಕಿದ್ರೆ ವ್ಯಾಸ 25 ಮಿಲಿಮೀಟರ್ ಹೆಚ್ಚು, ಗುಂಡು ಏಳೋದು ಹನ್ನೆರಡು ಚಿಲ್ಲರೆ. ಲಿಫ್ಟಿಂದ ಸಿಗೋ ಲಾಭ ಚಾಸಿ, ಬಂಪರ್, ಏರು ಹತ್ತೋ ಕೋನಕ್ಕೆ. ಅದು ಬೇಕಾ ಅಂತ ನಿಮ್ಮ ರಸ್ತೆ ನೋಡಿ ಹೇಳಿ. ಕೆಲವರಿಗೆ ಒಂದು ಲೋಡ್ ಕಲ್ಲು ಹಾಕ್ಸಿ ಕೊರಕಲು ತುಂಬಿಸೋದೇ ಅಗ್ಗ.

[ದೃಶ್ಯ: ಮೇಜಿನ ಮೇಲೆ ಮೂರು ಬಗೆಯ ಶಾಕ್ಸ್.]

ಈಗ ಶಾಕ್ಸ್. ಕೊಳವೆಯೊಳಗೆ ಕೊಳವೆ ಇರೋ ಟ್ವಿನ್ ಟ್ಯೂಬು, ಒಂದೇ ಕೊಳವೆಯ ಮೋನೋ ಟ್ಯೂಬು, ಪಕ್ಕದಲ್ಲಿ ಸಣ್ಣ ಸಿಲಿಂಡರ್ ನೇತಾಡೋ ರಿಸರ್ವಾಯರ್. ಆ ಸಿಲಿಂಡರ್ ಇರೋದು ಎಣ್ಣೆ ಹೆಚ್ಚಿರ್ಲಿ, ಬೇಗ ತಣ್ಣಗಾಗ್ಲಿ ಅಂತ. ಮರುಭೂಮಿಯಲ್ಲಿ ಗಂಟೆಗಟ್ಲೆ ಜೋರಾಗಿ ಓಡಿಸೋರಿಗೆ ಅದು ಬೇಕು. ಬಾಳೂರು ಕಡೆ ತೋಟದ ರಸ್ತೆಯಲ್ಲಿ ಗಂಟೆಗೆ ಹದಿನೈದು ಕಿಲೋಮೀಟರ್ ಹೋಗೋ ನಮಗ್ಯಾಕೆ? ನೈಟ್ರೋಜನ್ ತುಂಬಿದ ಒಳ್ಳೇ ಟ್ವಿನ್ ಟ್ಯೂಬ್ ಸಾಕು. ಆ ಗ್ಯಾಸು ಎಣ್ಣೆ ನೊರೆ ಆಗದ ಹಾಗೆ ತಡೆಯುತ್ತೆ. ಮೋನೋ ಟ್ಯೂಬ್ ಹಿಡಿತ ಚುರುಕು, ಬೇಗ ತಣ್ಣಗಾಗುತ್ತೆ, ಆದ್ರೆ ಹೊರಗಿನ ಕೊಳವೆಯೇ ಸಿಲಿಂಡರ್. ಕಲ್ಲು ಬಡಿದು ನೆಗ್ಗಿದ್ರೆ ಪಿಸ್ಟನ್ ಸಿಕ್ಕಿಹಾಕ್ಕೊಂಡು ಅಲ್ಲಿಗೆ ಮುಗೀತು. ಒಂದು ಮಾತು ಮರೀಬೇಡಿ, ಹೊಸ ಗಟ್ಟಿ ಸ್ಪ್ರಿಂಗಿಗೆ ಗಾಡಿ ಜೊತೆ ಬಂದ ಹಳೇ ಶಾಕ್ಸ್ ಉಳಿಸ್ಕೊಂಡ್ರೆ ಗಾಡಿ ಕಪ್ಪೆ ಥರ ಹಾರುತ್ತೆ.

ಕಾನೂನು ಎರಡೇ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರೋ ವಿವರಕ್ಕೆ, ತಯಾರಕರ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಆರ್‌ಟಿಒ, ವಾರಂಟಿ, ಇನ್ಶೂರೆನ್ಸ್ ಮೂರೂ ಕಡೆ ಕೇಳ್ಕೊಂಡು ಆಮೇಲೆ ಸ್ಪ್ಯಾನರ್ ಎತ್ತಿ.

[ದೃಶ್ಯ: ಕೆಲಸ ಮುಗಿದ ಗಾಡಿ. ಟೇಪ್ ಹಿಡಿದು ಹಬ್ ನಡುವಿನಿಂದ ಫೆಂಡರ್ ಅಂಚಿಗೆ ಅಳತೆ.]

ಬಿಚ್ಚೋ ಮುಂಚೆ ನಾಲ್ಕೂ ಕಡೆ ಹೀಗೆ ಅಳೆದು ಗೋಡೆ ಮೇಲೆ ಬರೆದಿಡಿ, ಅಂಗಡಿಯೋರು ಹೇಳಿದ ಇಂಚು ನಿಜವಾ ಅಂತ ಗೊತ್ತಾಗುತ್ತೆ. ಚಕ್ರ ನೇತಾಡ್ತಿರೋವಾಗ ಬ್ರೇಕ್ ಹೋಸು, ಎಬಿಎಸ್ ವೈರು ಬಿಗಿಯಾಗಿದೆಯಾ ನೋಡಿ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೆ ಸಣ್ಣ ಸರಳು ಕಟ್ಟಿದ ಬ್ರೇಕ್ ವಾಲ್ವ್ ಇರುತ್ತೆ. ಹಿಂಭಾಗ ಎದ್ರೆ ಗಾಡಿ ಖಾಲಿ ಇದೆ ಅಂದ್ಕೊಂಡು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತೆ. ಹನ್ನೆರಡು ಮೂಟೆ ಹೇರ್ಕೊಂಡು ಇಳಿಜಾರಲ್ಲಿ ಅದು ಗೊತ್ತಾಗೋದು ಬೇಡ, ಇಲ್ಲೇ ಹೊಂದಿಸಿ. ಅಲೈನ್‌ಮೆಂಟ್ ಅವತ್ತೇ ಮಾಡ್ಸಿ. 500 ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್ ಇನ್ನೊಮ್ಮೆ ಬಿಗಿಸ್ಲೇಬೇಕು.

ಆಮೇಲೆ ಸಂಜೆ ಗೋಡೆಗೆ ಎದುರು ನಿಲ್ಸಿ ಹೆಡ್‌ಲೈಟ್ ಇಳಿಸಿ. ಮೂತಿ ಎದ್ದ ಗಾಡಿ ಬೆಳಕು ಸೀದಾ ಎದುರಿನೋನ ಕಣ್ಣಿಗೆ. ಕೊಟ್ಟಿಗೆಹಾರದ ಮಂಜಲ್ಲಿ ನಿಮಗೂ ಬೆಳ್ಳಗಿನ ಗೋಡೆ ಬಿಟ್ಟು ಏನೂ ಕಾಣಲ್ಲ.

[ದೃಶ್ಯ: ಗೋಡೆ ಮೇಲೆ ಬೆಳಕು ನಿಧಾನಕ್ಕೆ ಕೆಳಗಿಳಿಯುವುದು. ಹಿಂದೆ ನಾಯಿ ಬೊಗಳುವ ಸದ್ದು.]